ಕಹಿ ಸೋರೆಕಾಯಿಯ ತುದಿ ಕೊಯ್ದು ತಿಕ್ಕಿದರೆ ಸಾಕಾ? ಹಿತ್ತಲ ತರಕಾರಿ ಮತ್ತು ರಾತ್ರಿ ಊಟ

ಪ್ರಶ್ನೆ:

ಅಕ್ಕಾವ್ರಿಗೆ ನಮಸ್ಕಾರ. ನಾನು ಬಾಗಲಕೋಟೆಯ ನವನಗರದಲ್ಲಿ ಇರುವವಳು, ಶಾಲೆಯಲ್ಲಿ ಶಿಕ್ಷಕಿ. ಮನೆ ಹಿಂದೆ ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಜಾಗ ಇದೆ. ಅಲ್ಲಿ ಹೀರೇಕಾಯಿ, ಸೋರೆಕಾಯಿ, ಹಾಗಲಕಾಯಿ, ಚವಳಿಕಾಯಿ (ಗೋರಿಕಾಯಿ), ಮುಳಗಾಯಿ (ಬದನೆಕಾಯಿ), ಪುಂಡಿ, ರಾಜಗಿರಿ ಹಾಕಿದ್ದೇನೆ. ಸೋರೆಯ ಬೀಜ ತವರಿನಿಂದ ತಂದದ್ದು. ಹೋದ ವಾರ ಅದರ ಮೊದಲ ಕಾಯಿ ಕೊಯ್ದು ರಾತ್ರಿಗೆ ಪಲ್ಲೆ ಮಾಡಿದೆ. ಕಹಿ ಇತ್ತು. ಅತ್ತೆಯವರು "ತುದಿ ಕೊಯ್ದು ತಿಕ್ಕಬೇಕಿತ್ತು, ಇರ್ಲಿ, ಒಂಚೂರು ಬೆಲ್ಲ ಹಾಕು" ಅಂದರು. ಹಾಕಿದೆ. ಮಕ್ಕಳು ಮುಟ್ಟಲಿಲ್ಲ. ಯಜಮಾನರು ಕೆಡಿಸಬಾರದು ಅಂತ ತಿಂದರು. ರಾತ್ರಿ ಎರಡು ಸಲ ವಾಂತಿ, ಹೊಟ್ಟೆನೋವು. ಬೆಳಗ್ಗೆ ಹೊತ್ತಿಗೆ ಸರಿಹೋದರು. ಪಕ್ಕದಲ್ಲೇ ಹಾಗಲಬಳ್ಳಿ ಇರುವುದಕ್ಕೆ ಸೋರೆಗೆ ಕಹಿ ಹತ್ತಿದೆ ಅಂತ ಅತ್ತೆ ಹೇಳುತ್ತಾರೆ. ಅವರಿಗೆ ಬಿ.ಪಿ., ಸಕ್ಕರೆ ಎರಡೂ ಇವೆ, ದಿನಾ ಬೆಳಗ್ಗೆ ಸೋರೆಕಾಯಿ ಮತ್ತು ಹಾಗಲಕಾಯಿ ಸೇರಿಸಿ ರಸ ಕುಡಿಯುತ್ತಾರೆ. ಇದುವರೆಗೆ ಸಂತೆಯ ಸೋರೆಕಾಯಿ ತರುತ್ತಿದ್ದೆವು, ಇನ್ನು ಮನೆಯದೇ ಬಳಸೋಣ ಅಂದುಕೊಂಡಿದ್ದೆವು.

ಯಜಮಾನರಿಗೆ ಮೂರು ವರ್ಷದ ಹಿಂದೆ ಕಿಡ್ನಿ ಕಲ್ಲು ಆಗಿತ್ತು. ಅಂದಿನಿಂದ ತಪ್ಪಲು (ಸೊಪ್ಪಿನ) ಪಲ್ಲೆ, ಟೊಮೆಟೊ ಎರಡನ್ನೂ ಬಿಟ್ಟಿದ್ದಾರೆ. ರಾತ್ರಿ ತಪ್ಪಲು ಪಲ್ಲೆ ತಿನ್ನಬಾರದು, ಅದರ ಜೊತೆ ಮೊಸರು ಕೂಡದು ಅಂತ ಬೇರೆ ಮನೆಯಲ್ಲಿ ಮಾತು. ಮಕ್ಕಳು ಹೀರೇಕಾಯಿ ಅಂದರೆ ಎದ್ದೇ ಹೋಗುತ್ತಾರೆ, ನಾನು ಮಾಡಿದರೆ ನೀರುನೀರಾಗಿ ಗೊಜ್ಜಿನಂತೆ ಆಗುತ್ತದೆ. ಸಂಜೆ ಐದೂವರೆಗೆ ಮನೆ ಮುಟ್ಟುತ್ತೇನೆ, ಎಂಟಕ್ಕೆ ಊಟ ಆಗಬೇಕು. ಇಷ್ಟು ಕಷ್ಟಪಟ್ಟು ಬೆಳೆದದ್ದನ್ನು ಸಾದಾ ಊಟವಾಗಿ ಎಲ್ಲರಿಗೂ ಬಡಿಸುವುದು ಹೇಗೆ? ಬಳ್ಳಿಯಲ್ಲಿ ಇನ್ನೂ ಎರಡು ಸೋರೆಕಾಯಿ ಇವೆ. ಅವನ್ನು ಬಾಜೂ ಮನೆಯ ಆಕಳಿಗಾದರೂ ಹಾಕಬಹುದಾ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಮಾತು ಬೆರೆತಿವೆ. ಒಂದು ಅಡುಗೆಯದ್ದು, ಅದು ಸುಲಭ. ಇನ್ನೊಂದು ಕಹಿ ಸೋರೆಕಾಯಿಯದ್ದು, ಅದು ಹಗುರ ಅಲ್ಲ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಆ ಎರಡು ಕಾಯಿ ಅಡುಗೆಗೆ ಬಳಸಬೇಡಿ. ಆಕಳಿಗೂ ಹಾಕಬೇಡಿ, ಅದಕ್ಕೂ ಅದು ವಿಷವೇ. ಅತ್ತೆಯವರ ರಸ ಇವತ್ತಿಂದಲೇ ನಿಲ್ಲಲಿ.

ಸೋರೆ, ಹೀರೆ, ಸೌತೆ, ಕುಂಬಳ ಇವೆಲ್ಲ ಒಂದೇ ಕುಟುಂಬದವು. ಈ ಬಳ್ಳಿಗಳು ಹುಳ, ಪ್ರಾಣಿ ತಿನ್ನದ ಹಾಗೆ ತಮ್ಮನ್ನು ಕಾಪಾಡಿಕೊಳ್ಳಲು ಕುಕುರ್ಬಿಟಾಸಿನ್ ಎಂಬ ಕಹಿ ವಸ್ತು ತಯಾರಿಸುತ್ತವೆ. ನಾವು ಬೆಳೆಯುವ ತಳಿಗಳಲ್ಲಿ ನಮ್ಮ ಹಿರಿಯರು ತಲೆತಲಾಂತರದಿಂದ ಕಹಿ ಇಲ್ಲದ ಕಾಯಿಯ ಬೀಜವನ್ನೇ ಆರಿಸಿ ಇಟ್ಟು, ಇಟ್ಟು, ಅದನ್ನು ಕಡಿಮೆ ಮಾಡಿದ್ದಾರೆ. ಆದರೆ ಆ ಗುಣ ಪೂರಾ ಹೋಗಿಲ್ಲ. ಬಿಸಿಲು ಜಾಸ್ತಿಯಾಗಿ, ನೀರು ಕಡಿಮೆಯಾಗಿ ಬಳ್ಳಿ ಬಳಲಿದರೆ ಮತ್ತೆ ಕಹಿ ಬರಬಹುದು. ಎರಡನೇ ಕಾರಣ ಬೀಜ. ನಿಮ್ಮ ತವರಿನ ಕಡೆ ಬೇಲಿಯಲ್ಲಿ ಎಲ್ಲೋ ಕಾಡು ಕಹಿಸೋರೆ ಇದ್ದು, ದುಂಬಿ ಅದರ ಪರಾಗ ತಂದು ನಿಮ್ಮ ತಾಯಿಯವರ ಬಳ್ಳಿಯ ಹೂವಿಗೆ ಮುಟ್ಟಿಸಿದರೆ, ಆ ವರ್ಷದ ಕಾಯಿ ಸಿಹಿಯಾಗಿಯೇ ಇರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಆ ಕಾಯಿಯ ಬೀಜ ಬಿತ್ತಿದಾಗ ಹುಟ್ಟುವ ಬಳ್ಳಿ ಪೂರ್ತಿ ಕಹಿಯಾಗಬಹುದು. ಮೊದಲ ಕಾಯಿಯೇ ಕಹಿ ಅಂದರೆ ನನಗೆ ಬೀಜದ ಮೇಲೇ ಅನುಮಾನ.

ಹಾಗಲಬಳ್ಳಿಯ ತಪ್ಪು ಇದರಲ್ಲಿ ಏನೂ ಇಲ್ಲ. ಹಾಗಲಕ್ಕೂ ಸೋರೆಗೂ ಪರಾಗ ಕೂಡುವುದಿಲ್ಲ, ಎರಡೂ ಬೇರೆಬೇರೆ ಜಾತಿ. ಬೇರಿನಿಂದ ಬೇರಿಗೆ ಕಹಿ ಹರಿದುಬರುವುದೂ ಇಲ್ಲ. ಹಾಗಲದ ಕಹಿ ಅದರ ಸಹಜ ಗುಣ, ನಾವು ತಲೆಮಾರುಗಳಿಂದ ತಿಂದು ಬಂದದ್ದು. ಸೋರೆಯ ಕಹಿ ಹಾಗಲ್ಲ, ಅದು ಎಚ್ಚರಿಕೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಜನ "ಕಹಿ ಒಳ್ಳೇದು, ಹೊಟ್ಟೆ ಶುದ್ಧ ಆಗ್ತದೆ" ಅಂತ ಕಣ್ಣು ಮುಚ್ಚಿ ನುಂಗುತ್ತಾರೆ.

ಇನ್ನು ತುದಿ ಕೊಯ್ದು ತಿಕ್ಕುವ ವಿಷಯ. ಇದರಲ್ಲಿ ಅರೆಪಾಲು ಸತ್ಯ ಇದೆ, ಅದಕ್ಕೇ ಇದು ಇಷ್ಟು ವರ್ಷ ಉಳಿದಿದೆ. ಸೌತೆಕಾಯಿಯಲ್ಲಿ ಕಹಿ ಇದ್ದರೆ ತೊಟ್ಟಿನ ಕಡೆ, ಸಿಪ್ಪೆಯ ಕೆಳಗೆ ಜಾಸ್ತಿ ಇರುತ್ತದೆ. ಆ ತುದಿ ಒಂದಿಂಚು ಕೊಯ್ದು ಒಗೆದರೆ ಉಳಿದದ್ದು ತಿನ್ನಲು ಬರಬಹುದು. ಕೆಲಸ ಮಾಡಿದ್ದು ಕೊಯ್ದದ್ದು, ತಿಕ್ಕಿದ್ದಲ್ಲ. ತಿಕ್ಕಿದಾಗ ಬರುವ ಬಿಳಿ ನೊರೆ ಕಾಯಿಯ ಸೊನೆ ಅಷ್ಟೇ. ಒಳಗಿನ ತಿರುಳೇ ಕಹಿಯಾಗಿರುವ ಸೋರೆಕಾಯಿಗೆ ಇದರಿಂದ ಏನೂ ಆಗದು. ಬೇಯಿಸಿದರೂ ಆ ಕಹಿ ವಸ್ತು ನಾಶವಾಗುವುದಿಲ್ಲ. ಬೆಲ್ಲ ಹಾಕಿದರೆ ಇನ್ನೂ ಕೆಟ್ಟದ್ದು, ಯಾಕೆಂದರೆ ನಾಲಿಗೆ ಕೊಡುವ ಎಚ್ಚರಿಕೆ ಮುಚ್ಚಿಹೋಗುತ್ತದೆ, ವಿಷ ಮಾತ್ರ ಹಾಗೇ ಇರುತ್ತದೆ. ಮಕ್ಕಳು ಮುಟ್ಟದೆ ಇದ್ದದ್ದು ಒಳ್ಳೆಯದಾಯಿತು. ಅವರ ನಾಲಿಗೆ ಅವತ್ತು ಸರಿಯಾಗಿ ಹೇಳಿತ್ತು.

ರಸದ ಅಪಾಯ ಪಲ್ಲೆಗಿಂತ ಜಾಸ್ತಿ. ಪಲ್ಲೆಯಾದರೆ ಒಂದು ತುತ್ತು ಇಟ್ಟು ಬಿಡುತ್ತೇವೆ, ರಸ ಗಟಗಟ ಇಳಿದುಹೋಗುತ್ತದೆ, ಅದೂ ಖಾಲಿ ಹೊಟ್ಟೆಯಲ್ಲಿ. ಕಹಿ ಸೋರೆರಸ ಕುಡಿದು ನಮ್ಮ ದೇಶದಲ್ಲಿ ಜನ ತೀರಿಕೊಂಡದ್ದೂ ಇದೆ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯನ್ನೇ ಮಾಡಿತು, ಅದರ ವರದಿ 2012ರಲ್ಲಿ ಪ್ರಕಟವಾಯಿತು. ಅವರು ಹೇಳಿದ್ದು ಸರಳ: ರಸ ತೆಗೆಯುವ ಮೊದಲು ಚಿಕ್ಕ ಚೂರು ನಾಲಿಗೆಗೆ ಹಚ್ಚಿ ನೋಡಿ, ಕಹಿ ಇದ್ದರೆ ಒಗೆಯಿರಿ, ಬೇರೆ ಯಾವ ರಸದ ಜೊತೆಗೂ ಬೆರೆಸಬೇಡಿ. ನಿಮ್ಮ ಅತ್ತೆಯವರು ಬೆರೆಸುತ್ತಿರುವುದು ಹಾಗಲರಸ. ಅದರಲ್ಲಿ ಸೋರೆಯ ಕಹಿ ಇದ್ದರೂ ಯಾರಿಗೆ ಗೊತ್ತಾಗಬೇಕು? ಅದೂ ಅಲ್ಲದೆ ಸಕ್ಕರೆ ಮಾತ್ರೆಯ ಜೊತೆ ಹಾಗಲರಸ ಸೇರಿದರೆ ಸಕ್ಕರೆ ತೀರಾ ಇಳಿದು ತಲೆಸುತ್ತು ಬರಬಹುದು. ಅವರಿಗೆ ಹಾಗಲಕಾಯಿ ಇಷ್ಟ ಅಂದರೆ ಪಲ್ಲೆ ಮಾಡಿ ಹಾಕಿ, ಊಟದ ಜೊತೆ ತಿನ್ನಲಿ. ರಸ ಬೇಕೇ ಬೇಕು ಅಂದರೆ ಅವರ ಡಾಕ್ಟರನ್ನು ಕೇಳಿಯೇ ಕುಡಿಯಲಿ.

ನಿಮ್ಮ ಯಜಮಾನರು ಸುಧಾರಿಸಿಕೊಂಡರು, ಸಮಾಧಾನ. ಆದರೆ ಮುಂದೆ ಯಾರಿಗಾದರೂ ಹೀಗೆ ಆಗಿ ವಾಂತಿ ನಿಲ್ಲದೆ ಇದ್ದರೆ, ವಾಂತಿ ಅಥವಾ ಭೇದಿಯಲ್ಲಿ ರಕ್ತ ಕಂಡರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಈ ವಿಷಕ್ಕೆ ಮದ್ದು ಅಂತ ಬೇರೆ ಇಲ್ಲ. ಆಸ್ಪತ್ರೆಯಲ್ಲಿ ಸಲೈನ್ ಕೊಟ್ಟು ಬಿ.ಪಿ. ಇಳಿಯದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಏನು ತಿಂದದ್ದು ಅಂತ ಡಾಕ್ಟರಿಗೆ ಮೊದಲು ಹೇಳಿ, ಇಲ್ಲದಿದ್ದರೆ ಅವರು ಬೇರೆ ಏನೋ ಹುಡುಕುತ್ತ ಕೂರುತ್ತಾರೆ.

ಇನ್ನು ಮುಂದೆ ಒಂದೇ ಒಂದು ರೂಢಿ ಮಾಡಿಕೊಳ್ಳಿ. ಸೋರೆ, ಹೀರೆ, ಸೌತೆ ಯಾವುದೇ ಹೆಚ್ಚಿದರೂ ತೊಟ್ಟಿನ ಕಡೆಯಿಂದ ಉಗುರಿನಷ್ಟು ಚೂರು ನಾಲಿಗೆ ಮೇಲಿಟ್ಟು ನೋಡಿ, ಉಗುಳಿ, ಬಾಯಿ ಮುಕ್ಕಳಿಸಿ. ಪ್ರತಿಯೊಂದು ಕಾಯಿಗೂ ಬೇರೆ ಬೇರೆ. ಕಹಿ ಇದ್ದರೆ ತಿಪ್ಪೆಗೆ. ಯಜಮಾನರು "ಕೆಡಿಸಬಾರದು" ಅಂದದ್ದು ನನಗೆ ಅರ್ಥವಾಗುತ್ತದೆ, ನೀರು ಹೊತ್ತು ಹಾಕಿ ಬೆಳೆದ ಕಾಯಿ ಒಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಇದೊಂದನ್ನು ಒಗೆಯಲೇಬೇಕು.

ಈಗ ಊಟಕ್ಕೆ ಬರೋಣ.

ನಾನು ಗೃಹವಿಜ್ಞಾನ ಓದಿ ಈ ಕೆಲಸಕ್ಕೆ ಬಂದ ಹೊಸದರಲ್ಲಿ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ವಾರದ ಊಟದ ಪಟ್ಟಿ ಬರೆದು ಕೊಡುತ್ತಿದ್ದೆ. ಸೋಮವಾರ ಪಾಲಕ, ಮಂಗಳವಾರ ಬೆಂಡೆಕಾಯಿ, ಹೀಗೆ. ಮುದ್ದೇಬಿಹಾಳದ ಕಡೆ ಒಂದು ಮನೆಗೆ ತಿಂಗಳ ಮೇಲೆ ಹೋದಾಗ ಆಕೆ ಗೋಡೆಗೆ ಆ ಪಟ್ಟಿ ಅಂಟಿಸಿಕೊಂಡು ಅದರಂತೆ ನಡೆಯಲು ಸಂತೆಯಿಂದ ಪಾಲಕ ಕೊಂಡು ತಂದಿದ್ದಳು. ಅವಳದೇ ಹಿತ್ತಲಲ್ಲಿ ಚವಳಿಕಾಯಿ ಬಲಿತು ನಾರಾಗಿ ನಿಂತಿತ್ತು. ಅವತ್ತಿನಿಂದ ನಾನು ಪಟ್ಟಿ ಬರೆಯುವುದು ಬಿಟ್ಟೆ. ಹಿತ್ತಲು ಇರುವ ಮನೆಯಲ್ಲಿ ರಾತ್ರಿಗೆ ಏನು ಅಂತ ತೀರ್ಮಾನ ಮಾಡಬೇಕಾದದ್ದು ಹಿತ್ತಲೇ. ನೀವು ನೋಡಬೇಕಾದದ್ದು ಕಾಯಿಯ ಹೆಸರಲ್ಲ, ಅದರ ವಯಸ್ಸು. ಎಳೆಯದಕ್ಕೆ ಒಂದು ಅಡುಗೆ, ನಡುವಯಸ್ಸಿನದಕ್ಕೆ ಇನ್ನೊಂದು, ಬಲಿತದ್ದಕ್ಕೆ ಮತ್ತೊಂದು. ಸಂತೆಯ ತರಕಾರಿ ಎಲ್ಲ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಬರುತ್ತದೆ, ಅದಕ್ಕೇ ಒಂದೇ ವಿಧಾನ ನಡೆಯುತ್ತದೆ. ಹಿತ್ತಲಲ್ಲಿ ಒಂದೇ ಬಳ್ಳಿಯಲ್ಲಿ ಒಂದು ಗೇಣಿನ ಹೀರೇಕಾಯಿಯೂ ಇರುತ್ತದೆ, ಎಲೆಯ ಮರೆಯಲ್ಲಿ ಕಣ್ಣಿಗೆ ಬೀಳದೆ ಮೊಳದುದ್ದ ಆದದ್ದೂ ಇರುತ್ತದೆ. ಎರಡನ್ನೂ ಕೂಡಿಸಿ ಒಂದೇ ಬಾಣಲೆಗೆ ಹಾಕಿದರೆ ಎಳೆಯದು ಕರಗುತ್ತದೆ, ಬಲಿತದ್ದು ಬೇಯುವುದಿಲ್ಲ. ನಿಮ್ಮ ಗೊಜ್ಜಿನ ಕಾರಣ ಅರ್ಧ ಇಲ್ಲೇ ಇದೆ.

ಉಳಿದ ಅರ್ಧ ನೀರು. ಹೀರೇಕಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಹಾಕಿದ ಕೂಡಲೇ ಉಪ್ಪು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿ ಇಟ್ಟರೆ ಆ ನೀರೆಲ್ಲ ಹೊರಗೆ ಬಂದು ಕಾಯಿ ಅದರಲ್ಲೇ ಕುದಿಯುತ್ತದೆ. ಹೀಗೆ ಮಾಡಿ ನೋಡಿ. ಹೂ ಬಿಟ್ಟು ವಾರದೊಳಗಿನ ಎಳೆ ಕಾಯಿ ಕೊಯ್ಯಿರಿ, ಉಗುರು ಒತ್ತಿದರೆ ಸಲೀಸಾಗಿ ಇಳಿಯಬೇಕು. ಐದು ಜನಕ್ಕೆ ಮುಕ್ಕಾಲು ಕಿಲೋ ಬೇಕು. ಏಣು ಮಾತ್ರ ಹೆರೆದು ದಪ್ಪ ತುಂಡು ಮಾಡಿ. ಅಗಲ ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಆರೇಳು ಎಸಳು ಬೆಳ್ಳುಳ್ಳಿ, ಒಂದು ಉಳ್ಳಾಗಡ್ಡಿ. ಹೀರೇಕಾಯಿ ಹಾಕಿ ದೊಡ್ಡ ಉರಿಯಲ್ಲೇ ಕೈಯಾಡಿಸಿ, ಮುಚ್ಚಬೇಡಿ, ಉಪ್ಪು ಹಾಕಬೇಡಿ. ಕಿವಿಗೊಟ್ಟು ಕೇಳಿ. ಮೊದಲು ಛರ್ ಅನ್ನುತ್ತದೆ. ನಾಲ್ಕೈದು ನಿಮಿಷಕ್ಕೆ ತುಂಡಿನ ಅಂಚು ಕೆಂಪಗಾಗುತ್ತದೆ. ಆಗ ಉಪ್ಪು, ಮಸಾಲಿ ಖಾರ, ಮೂರು ಚಮಚ ಹುರಿದ ಶೇಂಗಾ ಪುಡಿ. ಉಪ್ಪು ಬಿದ್ದ ಕೂಡಲೇ ನೀರು ಬಿಡಲು ಶುರುವಾಗುತ್ತದೆ, ಸದ್ದು ಗುಳುಗುಳು ಅಂತ ಬದಲಾಗುತ್ತದೆ. ಬಿಟ್ಟ ನೀರನ್ನು ಶೇಂಗಾ ಪುಡಿ ಕುಡಿದು ಮಸಾಲೆಯಾಗಿ ತುಂಡಿಗೆ ಹತ್ತಿಕೊಳ್ಳುತ್ತದೆ. ಎರಡು ನಿಮಿಷ, ಇಳಿಸಿಬಿಡಿ. ಕಾಯಿ ಹಲ್ಲಿಗೆ ಸಿಗಬೇಕು. ಮಕ್ಕಳು ಎದ್ದು ಹೋಗುವುದು ಸಾಮಾನ್ಯವಾಗಿ ರುಚಿಗಲ್ಲ, ಆ ಮೆತ್ತಗಿನ ಲೋಳೆಗೆ.

ಹೆರೆದ ಏಣು ಒಗೆಯಬೇಡಿ, ಎಣ್ಣೆಯಲ್ಲಿ ಹುರಿದು ಹಸಿಮೆಣಸಿನಕಾಯಿ, ಎಳ್ಳು, ಒಂಚೂರು ಹುಣಸೆ ಜೊತೆ ರುಬ್ಬಿದರೆ ರೊಟ್ಟಿಗೆ ಎರಡು ದಿನದ ಚಟ್ನಿ. ನಡುವಯಸ್ಸಿನ ಕಾಯಿಯನ್ನು ನೆನೆಸಿದ ಹೆಸರುಬ್ಯಾಳಿ ಜೊತೆ ಮಾಡಿ, ಅಲ್ಲಿ ನೀರು ಬಿಟ್ಟರೂ ತೊಂದರೆ ಇಲ್ಲ. ಒಳಗೆ ಬಲೆ ಕಟ್ಟಿದ್ದನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟರೆ ಪಾತ್ರೆ ತಿಕ್ಕಲು, ಮೈ ತಿಕ್ಕಲು ಬರುತ್ತದೆ. ಆದರೆ ಬಲಿಯಲು ಬಿಡುವುದು ಒಂದೆರಡು ಮಾತ್ರ. ಬೀಜ ಕಟ್ಟಿದ ಮೇಲೆ ಬಳ್ಳಿಗೆ ತನ್ನ ಕೆಲಸ ಮುಗಿದಂತೆ, ಹೊಸ ಕಾಯಿ ಕಡಿಮೆಯಾಗುತ್ತವೆ. ಎಳೆಯದನ್ನು ಕೊಯ್ದಷ್ಟೂ ಬಿಡುತ್ತಲೇ ಇರುತ್ತದೆ.

ಚವಳಿಕಾಯಿಗೂ ಇದೇ ಲೆಕ್ಕ. ಮುರಿದರೆ ಪಟ್ ಅನ್ನಬೇಕು, ನಾರು ಎಳೆಯಬಾರದು. ಇದರ ಬೀಜದಲ್ಲಿ ಒಂದು ಅಂಟು ಇದೆ, ಐಸ್‌ಕ್ರೀಮ್ ಗಟ್ಟಿ ಮಾಡಲು ಬಳಸುವ ಗೌರ್ ಗಮ್ ಇದರಿಂದಲೇ ಬರುವುದು. ಆ ಅಂಟು ಮತ್ತು ಒಗರು ಕೆಲವರಿಗೆ ಸೇರುವುದಿಲ್ಲ. ಉಪ್ಪು ಹಾಕಿದ ಕುದಿವ ನೀರಲ್ಲಿ ಏಳೆಂಟು ನಿಮಿಷ ಬಾಯಿ ತೆರೆದ ಪಾತ್ರೆಯಲ್ಲೇ ಬೇಯಿಸಿ, ಬಸಿದು, ಆಮೇಲೆ ಒಗ್ಗರಣೆ, ಗುರೆಳ್ಳು ಪುಡಿ, ಬೆಲ್ಲ. ಹುಣಸೆ ಕಡೆಗೆ. ಮೊದಲೇ ಹುಳಿ ಬಿದ್ದರೆ ಕಾಯಿ ಬೇಯುವುದಿಲ್ಲ, ಗಡಸಾಗಿಯೇ ಉಳಿಯುತ್ತದೆ.

ಪುಂಡಿ ಪಲ್ಲೆಯಲ್ಲಿ ಬ್ಯಾಳಿ ಬೇಯುವುದಿಲ್ಲ ಅಂತ ಎಷ್ಟೋ ಹೆಣ್ಣುಮಕ್ಕಳು ನನಗೆ ಹೇಳುವುದಕ್ಕೂ ಇದೇ ಕಾರಣ. ಪುಂಡಿ ಹುಳಿ. ನಮ್ಮ ಕಡೆ ಬೋರಿನ ನೀರು ಬೇರೆ ಗಡಸು, ಅದರಲ್ಲಿನ ಸುಣ್ಣದ ಅಂಶ ಬ್ಯಾಳಿಯ ಹೊರಪದರವನ್ನು ಬಿಗಿ ಹಿಡಿದುಬಿಡುತ್ತದೆ. ಎರಡೂ ಸೇರಿದರೆ ಕುಕ್ಕರ್ ಹತ್ತು ಸೀಟಿ ಹೊಡೆದರೂ ಬ್ಯಾಳಿ ಕಾಳುಕಾಳೇ. ತೊಗರಿಬ್ಯಾಳಿ ಮತ್ತು ಜೋಳದ ನುಚ್ಚನ್ನು ಕುಡಿಯುವ ಫಿಲ್ಟರ್ ನೀರಲ್ಲಿ ಮೊದಲೇ ಮೆತ್ತಗೆ ಬೇಯಿಸಿಕೊಳ್ಳಿ, ಪುಂಡಿ ತಪ್ಪಲು ಬೇರೆ ಬೇಯಿಸಿ ಆಮೇಲೆ ಕೂಡಿಸಿ, ಕಡಗೋಲಿನಲ್ಲಿ ಕಡೆದು, ಬೆಳ್ಳುಳ್ಳಿ ಒಗ್ಗರಣೆ ಕೆಂಪಗೆ ಕೊಡಿ. ಅಡುಗೆ ಸೋಡಾ ಹಾಕುವ ಚಟ ಇದ್ದರೆ ಬಿಡಿ. ಬೇಗ ಬೇಯುತ್ತದೆ ನಿಜ, ಆದರೆ ಬಿ1 ಮತ್ತು ಸಿ ಜೀವಸತ್ವ ಹಾಳಾಗುತ್ತವೆ. ಪುಂಡಿ ಬೆಂದಾಗ ಹಸಿರು ಹೋಗಿ ಕಂದು ಆಗುವುದು ಹುಳಿಯಿಂದ, ಅದು ಕೆಟ್ಟದ್ದಲ್ಲ.

ಮುಳಗಾಯಿಗೆ ಹೆಬ್ಬೆರಳ ಪರೀಕ್ಷೆ ಸಾಕು. ಒತ್ತಿದ ಗುಳಿ ಕೂಡಲೇ ಎದ್ದರೆ, ಸಿಪ್ಪೆ ಮಿಂಚುತ್ತಿದ್ದರೆ ಎಳೆಯದು, ಎಣ್ಣೆಗಾಯಿಗೆ ಹೇಳಿಮಾಡಿಸಿದ್ದು. ಹೊಳಪು ಹೋಗಿ ದೊಡ್ಡದಾಗಿದ್ದರೆ ಸುಟ್ಟು ಬಜ್ಜಿ ಮಾಡಿ. ಒಳಗೆ ಹುಳ ಇರಬಹುದು, ಅದಕ್ಕೆ ಇಡಿಯಾಗಿ ಸುಡುವ ಮೊದಲು ಒಂದು ಕಡೆ ಸೀಳಿ ಬೆಳಕಿಗೆ ಹಿಡಿದು ನೋಡಿ. ಮುಳಗಾಯಿ ನಂಜು ಅಂತ ಹೇಳುವುದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಅದರಲ್ಲಿ ಹಿಸ್ಟಮಿನ್ ಎಂಬ ಅಂಶ ಸಹಜವಾಗಿ ಇರುವುದರಿಂದ ಕೆಲವರಿಗೆ ಬಾಯಿ, ಮೈ ತುರಿಸುವುದು ಇದೆ. ಅಂಥವರು ತಿನ್ನದಿರಲಿ, ಉಳಿದವರು ಯಾಕೆ ಬಿಡಬೇಕು?

ಇನ್ನು ತಪ್ಪಲು ಪಲ್ಲೆ. ರಾತ್ರಿ ತಿನ್ನಬಾರದು ಅನ್ನುವುದಕ್ಕೆ ದೇಹದ ಕಡೆಯಿಂದ ನನಗೆ ಗೊತ್ತಿರುವ ಕಾರಣ ಯಾವುದೂ ಇಲ್ಲ. ನನಗೆ ಅನಿಸುವುದು, ದೀಪದ ಮಂದ ಬೆಳಕಲ್ಲಿ ಹುಳ, ಕಸ ಕಾಣುತ್ತಿರಲಿಲ್ಲ, ಕತ್ತಲಲ್ಲಿ ಹಿತ್ತಲಿಗೆ ಕೈ ಹಾಕಿದರೆ ಹಾವು ಚೇಳಿನ ಭಯ, ಹಿರಿಯರು ಅದಕ್ಕೇ ಹೇಳಿರಬೇಕು. ಅತ್ತೆಯವರ ಮಾತು ಅರ್ಧ ಉಳಿಸಿಕೊಳ್ಳಿ: ಹೊತ್ತು ಮುಳುಗುವ ಮೊದಲೇ ಕೊಯ್ಯಿರಿ, ಹೊರಗಿನ ಬೆಳಕಲ್ಲೇ ಸೋಸಿ. ನಮ್ಮ ಎರೆಮಣ್ಣು ಎಲೆಯ ಹಿಂಭಾಗಕ್ಕೆ ಮೆತ್ತಿಕೊಂಡಿರುತ್ತದೆ, ಮಳೆ ಬಂದ ಮರುದಿನವಂತೂ ಜಾಸ್ತಿ. ಅಗಲ ಬುಟ್ಟಿಯಲ್ಲಿ ನೀರು ತುಂಬಿಸಿ ತಪ್ಪಲು ಮುಳುಗಿಸಿ, ಅಲುಗಾಡಿಸಿ, ಎರಡು ನಿಮಿಷ ಬಿಟ್ಟು ತಪ್ಪಲನ್ನು ಮೇಲಕ್ಕೆ ಎತ್ತಿಕೊಳ್ಳಿ. ನೀರು ಬಗ್ಗಿಸಿ ಚೆಲ್ಲಲು ಹೋದರೆ ತಳದ ಮಣ್ಣು ಮತ್ತೆ ತಪ್ಪಲಿನ ಮೇಲೇ ಬೀಳುತ್ತದೆ. ಹೀಗೆ ಮೂರು ನೀರು. ಹೆಚ್ಚುವುದು ತೊಳೆದ ಮೇಲೆ, ಮೊದಲಲ್ಲ.

ಕಿಡ್ನಿ ಕಲ್ಲಿನ ವಿಷಯದಲ್ಲಿ ಮೊದಲು ಯಾವ ಕಲ್ಲು ಅಂತ ತಿಳಿದುಕೊಳ್ಳಬೇಕು. ಕಲ್ಲು ಹೊರಗೆ ಬಂದಾಗ ಪರೀಕ್ಷೆ ಮಾಡಿಸಿದ ಕಾಗದ ಇದ್ದರೆ ಡಾಕ್ಟರಿಗೆ ತೋರಿಸಿ ಕೇಳಿ. ಹೆಚ್ಚಿನವರಿಗೆ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಹಾಗಿದ್ದರೆ ಕಡಿಮೆ ಮಾಡಬೇಕಾದದ್ದು ಆಕ್ಸಲೇಟ್ ಜಾಸ್ತಿ ಇರುವ ಪಾಲಕ ಮತ್ತು ರಾಜಗಿರಿ, ಎಲ್ಲ ತಪ್ಪಲೂ ಅಲ್ಲ. ಮೆಂತ್ಯದಲ್ಲಿ ಅದು ಬಹಳ ಕಡಿಮೆ. ಟೊಮೆಟೊದಲ್ಲೂ ಕಡಿಮೆ, ಅದರ ಬೀಜ ಹೋಗಿ ಕಲ್ಲಾಗುತ್ತದೆ ಅನ್ನುವುದು ಸುಳ್ಳು. ರಾಜಗಿರಿ ತಿನ್ನಲೇಬೇಕು ಅನಿಸಿದ ದಿನ ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿಬಿಡಿ, ಆಕ್ಸಲೇಟ್ ಒಂದಷ್ಟು ನೀರಿನ ಜೊತೆ ಹೋಗುತ್ತದೆ. ಜೀವಸತ್ವವೂ ಸ್ವಲ್ಪ ಹೋಗುತ್ತದೆ, ಅವರ ಮಟ್ಟಿಗೆ ಇರಲಿ. ಉಳಿದವರಿಗೆ ಸಾದಾ ಮಾಡಿ.

ಮತ್ತೆ ಮೊಸರು. ಮನೆಯಲ್ಲಿ ಹೇಳುವುದಕ್ಕೆ ಇದು ಪೂರಾ ಉಲ್ಟಾ. ಊಟದಲ್ಲೇ ಮೊಸರಿನ ಕ್ಯಾಲ್ಸಿಯಂ ಇದ್ದರೆ ಅದು ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ, ಕಿಡ್ನಿಯವರೆಗೆ ಹೋಗಲು ಬಿಡುವುದಿಲ್ಲ. ಕಲ್ಲು ಆಗಿದ್ದವರು ತಪ್ಪಲಿನ ಜೊತೆ ಮೊಸರು, ಮಜ್ಜಿಗೆ ತಿನ್ನುವುದೇ ಒಳ್ಳೆಯದು. ಅವರು ನಿಜವಾಗಿ ಹಿಡಿತ ಮಾಡಬೇಕಾದದ್ದು ಉಪ್ಪು. ಉಪ್ಪಿನಕಾಯಿ, ಹಿಂಡಿ, ಹಪ್ಪಳ ಮೂರೂ ಒಂದೇ ತಾಟಿನಲ್ಲಿ ಇರುವ ನಮ್ಮ ಊಟದಲ್ಲಿ ಇದು ಕಷ್ಟ, ಗೊತ್ತು. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ, ಕಲ್ಲಿಗೆ ಅದೇ ಸಾಮಗ್ರಿ. ಇನ್ನು ನೀರು. ನಮ್ಮ ಬಿಸಿಲಿಗೆ ಬೆವರಲ್ಲೇ ಎಷ್ಟೋ ಹೋಗಿಬಿಡುತ್ತದೆ, ಹಾಗಾಗಿ ಕುಡಿದ ಲೋಟ ಎಣಿಸುವ ಬದಲು ಮೂತ್ರದ ಬಣ್ಣ ನೋಡಲಿ. ತಿಳಿ ಹಳದಿ ಇರಬೇಕು.

ಊಟದ ಹೊಂದಾಣಿಕೆ ನಾನು ಹೇಳಿಕೊಡುವುದು ಇಷ್ಟೇ: ಒಂದು ಬೇಯಿಸಿದ್ದು, ಒಂದು ಹಸಿಯದು, ಒಂದು ಬ್ಯಾಳಿ ಅಥವಾ ಕಾಳಿನದ್ದು. ಜೊತೆಗೆ ರೊಟ್ಟಿ. ಬಿಸಿ ರೊಟ್ಟಿ ದಿನಾ ಬಡಿಯಲು ಆಗದಿದ್ದರೆ ರವಿವಾರ ಕಟಕ ರೊಟ್ಟಿ ಮಾಡಿಟ್ಟುಕೊಳ್ಳಿ, ನಾಚಿಕೆ ಏನಿಲ್ಲ. ಬಂದ ಕೂಡಲೇ ಕೈಕಾಲು ತೊಳೆದು ಮೊದಲು ಬ್ಯಾಳಿ ನೆನೆಹಾಕಿ, ಆಮೇಲೆ ಚಹಾ, ಆಮೇಲೆ ಬುಟ್ಟಿ ಹಿಡಿದು ಹಿತ್ತಲಿಗೆ. ಆರೂವರೆಗೆ ಒಲೆ ಹಚ್ಚಿದರೂ ಎಂಟಕ್ಕೆ ಧಾರಾಳ ಆಗುತ್ತದೆ. ಹಸಿಯದಕ್ಕೆ ಕಷ್ಟವೇ ಇಲ್ಲ: ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಚಳಿಗಾಲ ಬಂದರೆ ಹಕ್ಕರಕಿ ತಪ್ಪಲು, ಎಳೆ ಮೆಂತ್ಯ. ಸಣ್ಣಗೆ ಹೆಚ್ಚಿ ಶೇಂಗಾ ಪುಡಿ, ಉಪ್ಪು, ಲಿಂಬೆಹುಳಿ ಹಾಕಿದರೆ ಪಚಡಿ. ಆ ಲಿಂಬೆಹುಳಿಯಿಂದ ಬ್ಯಾಳಿ ಮತ್ತು ತಪ್ಪಲಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ ಹಣ್ಣು ತರಕಾರಿ ಸೇರಿ ಕನಿಷ್ಠ 400 ಗ್ರಾಂ. ಐದು ಜನರ ಮನೆಗೆ ಹತ್ತಿರಹತ್ತಿರ ಎರಡು ಕಿಲೋ. ಹಾಗೆ ನೋಡಿದರೆ ವಾರಕ್ಕೆ ಹತ್ತು ಹೀರೇಕಾಯಿ ಬಿಟ್ಟರೂ ಜಾಸ್ತಿ ಏನಲ್ಲ, ಅಲ್ವಾ? ರಾತ್ರಿಗೆ ಒಂದು ಚಮಚ ಪಲ್ಲೆ ರೊಟ್ಟಿಯ ಮೂಲೆಗೆ ಹಚ್ಚಿಕೊಳ್ಳುವ ನಮ್ಮ ಅಭ್ಯಾಸ ಬದಲಾದರೆ ಸಾಕು, ಹಿತ್ತಲು ಖಾಲಿಯಾಗುತ್ತದೆ.

ಆದರೂ ಉಳಿದರೆ ಬಾಜೂ ಮನೆಗೆ ಕೊಡಿ, ಅವರ ಕರಿಬೇವು ನಿಮಗೆ ಬರುತ್ತದೆ. ಚವಳಿಕಾಯಿ, ಹಾಗಲಕಾಯಿಯನ್ನು ಉಪ್ಪು ಹಚ್ಚಿ ಒಣಗಿಸಿ ಬಾಳಕ ಮಾಡಬಹುದು. ಪೂರ್ತಿ ಒಣಗಿ ಮುರಿದರೆ ಚಟ್ ಅನ್ನಬೇಕು, ಒಳಗೆ ಹಸಿ ಇದ್ದರೆ ಡಬ್ಬಿಯಲ್ಲಿ ಬೂಸಲು ಬರುತ್ತದೆ. ಮಳೆಮೋಡದ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಉಳಿದ ತಪ್ಪಲು ಪಲ್ಲೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು, ಮರುದಿನ ಒಂದೇ ಸಲ ಬಿಸಿ ಮಾಡಿ ಮುಗಿಸಿ. ರಾತ್ರಿಯಿಡೀ ಒಲೆ ಮೇಲೇ ಉಳಿದದ್ದನ್ನು ಬೆಳಗ್ಗೆ ಮಕ್ಕಳ ಡಬ್ಬಿಗೆ ಹಾಕಬೇಡಿ.

ಮಕ್ಕಳ ಬಗ್ಗೆ ಒಂದು ಮಾತು. ಹೊಸ ರುಚಿ ಒಪ್ಪಿಕೊಳ್ಳಲು ಮಕ್ಕಳಿಗೆ ಎಂಟು ಹತ್ತು ಸಲ ಬೇಕಾಗುತ್ತದೆ, ಕೆಲವರಿಗೆ ಇನ್ನೂ ಜಾಸ್ತಿ. ಒಂದೇ ಒಂದು ತುಂಡು ತಾಟಿಗೆ ಹಾಕಿ, ತಿನ್ನು ಅಂತ ಕೂಗಬೇಡಿ, ತಿಂದರೆ ಬಹುಮಾನವೂ ಬೇಡ. ತಾಲಿಪಟ್ಟಿನಲ್ಲಿ ಮೆಂತ್ಯ, ಸೋರೆ ತುರಿದು ಹಾಕುವುದು ಒಳ್ಳೆಯದೇ, ಆದರೆ ಬಚ್ಚಿಟ್ಟು ತಿನ್ನಿಸಬೇಡಿ, ಹಾಕುವಾಗ ಅವರೂ ನೋಡಲಿ. ಮಕ್ಕಳಿಗೇ ಕೊಯ್ಯುವ ಕೆಲಸ ಕೊಡಿ. ಎಲೆ ಸರಿಸಿ ಬಚ್ಚಿಟ್ಟುಕೊಂಡ ಹೀರೇಕಾಯಿ ಹುಡುಕುವುದು ಅವರಿಗೆ ಆಟ, ತಾವೇ ಕೊಯ್ದು ತಂದದ್ದನ್ನು ಒಂದು ತುಂಡಾದರೂ ಬಾಯಿಗೆ ಹಾಕುತ್ತಾರೆ. ನಾನು ಇದನ್ನು ಎಷ್ಟೋ ಮನೆಗಳಲ್ಲಿ ಕಣ್ಣಾರೆ ನೋಡಿದ್ದೇನೆ.

ಈಗ ಆ ಸೋರೆಬಳ್ಳಿ. ಉಳಿದ ಎರಡರಲ್ಲಿ ಒಂದನ್ನು ಕೊಯ್ದು ನಾಲಿಗೆ ತುದಿಗೆ ಹಚ್ಚಿ ನೋಡಿ, ನುಂಗಬೇಡಿ. ಅದೂ ಕಹಿ ಇದ್ದರೆ ಬಳ್ಳಿಯದೇ ಗುಣ ಅಂತ ಅರ್ಥ, ಬುಡಸಹಿತ ಕಿತ್ತುಬಿಡಿ. ಕಹಿ ಇಲ್ಲದಿದ್ದರೂ ಅದರ ಬೀಜ ಇಡಬೇಡಿ, ಮುಂದಿನ ಕಾಯಿಗಳನ್ನು ಒಂದೊಂದನ್ನೂ ರುಚಿ ನೋಡದೆ ಬಳಸಬೇಡಿ. ತವರಿಗೂ ಫೋನ್ ಮಾಡಿ ಹೇಳಿ, ಅವರ ಡಬ್ಬಿಯಲ್ಲೂ ಅದೇ ಬೀಜ ಇರುತ್ತದೆ. ಮುಂದಿನ ಸಲ ಸೋರೆಗೆ ನಂಬಿಕೆಯ ಪಾಕೀಟಿನ ಬೀಜ ತನ್ನಿ, ಬೇಕಾದರೆ ನಿಮ್ಮ ಊರಿನ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲೇ ಕೇಳಿ ನೋಡಿ. ಕಿತ್ತ ಜಾಗವನ್ನು ಒಂದು ಗೇಣು ಅಗೆದು, ಗೊಬ್ಬರ ಬೆರೆಸಿ, ಈ ಅಕ್ಟೋಬರಿನ ತಂಪಿಗೆ ಮೆಂತ್ಯ ಚೆಲ್ಲಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಕೊಯ್ಲಿಗೆ ಬರುತ್ತದೆ. ಅದನ್ನು ನಿಮ್ಮ ಯಜಮಾನರೂ ಮೊಸರಿನ ಜೊತೆ ನಿಶ್ಚಿಂತೆಯಿಂದ ತಿನ್ನಬಹುದು.